ಮೂರು ನೀರು

ಯಂತ್ರದ ಮುಳ್ಳು ಒಂದು ಕಡೆ ನಿಲ್ಲುವ ಮೊದಲೇ ಮಾವನ ತೂಕ ಏರಿದೆಯೆಂದು ಅವನಿಗೆ ಗೊತ್ತಾಗಿಹೋಗಿತ್ತು. ಹತ್ತೊಂಬತ್ತು ವರ್ಷದಿಂದ ಈ ಆಸ್ಪತ್ರೆಯಲ್ಲಿ ಬೇರೆಯವರ ತೂಕ, ಬೇರೆಯವರ ತಟ್ಟೆ ನೋಡಿಕೊಂಡೇ ಬದುಕು ಸಾಗಿಸಿದ ಡಯಟೀಶಿಯನ್‌ಗೆ ಅಷ್ಟೂ ತಿಳಿಯದಿದ್ದರೆ ಹೇಗೆ. ನಿನ್ನೆಗಿಂತ ಒಂದು ಕಿಲೋ ನಾನೂರು ಗ್ರಾಂ ಹೆಚ್ಚು. ಒಂದು ದಿನದಲ್ಲಿ ಯಾರೂ ಅಷ್ಟು ಮೈ ಬೆಳೆಸಿಕೊಳ್ಳುವುದಿಲ್ಲ, ಅದು ನೀರು. ಹೃದಯ ಸೋತವರ ಮೈಯಲ್ಲಿ ನೀರು ನಿಲ್ಲಬೇಕಾದರೆ ಉಪ್ಪು ಒಳಗೆ ಹೋಗಿರಬೇಕು. ಉಪ್ಪು ತಾನಾಗಿ ನಡೆದುಕೊಂಡು ಹೋಗುವುದಿಲ್ಲ. ರೋಗಿಗಳಿಗೆ ಹೇಳಿ ಹೇಳಿ ಸವೆದ ಈ ಮಾತುಗಳನ್ನು ಅವನ ಮನಸ್ಸು ಈಗಲೂ ತನ್ನಷ್ಟಕ್ಕೆ ಒಪ್ಪಿಸತೊಡಗಿತು. ಕೆಳಗಿಳಿಯಲು ಮಾವ ಅವನ ಭುಜ ಹಿಡಿದುಕೊಂಡರು. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಎಪ್ಪತ್ತಾರು ವರ್ಷದ ಆ ಕೈ ಇನ್ನೂ ಮೂಳೆಯನ್ನು ಹುಡುಕಿ ಹಿಡಿಯುತ್ತಿತ್ತು. ಊದಿದ ಪಾದಗಳಲ್ಲಿ ಚಪ್ಪಲಿಯ ಪಟ್ಟಿ ಹೂತುಹೋಗಿತ್ತು. “ಏನಂತೆ ಅಳಿಯಂದ್ರೇ, ಪಾಸೋ ಫೇಲೋ?” ಎಂದರು. ಅವನು ಅಂಕಿಯನ್ನು ಬರೆದುಕೊಂಡ.

ಹೃದಯದ ಡಾಕ್ಟರು ಅವನಿಗಿಂತ ಹದಿನೈದು ವರ್ಷ ಚಿಕ್ಕ ಹೆಂಗಸು, ಮಾತು ಕಡಿಮೆ. ಮಾವನ ಮೊಣಕಾಲಿನ ಕೆಳಗೆ ಹೆಬ್ಬೆರಳಿಟ್ಟು ಒತ್ತಿ ತೆಗೆದರು. ಒತ್ತಿದ ಕಡೆ ಗುಳಿ ಬಿದ್ದು ಹಾಗೇ ಉಳಿಯಿತು. ಸಿಸ್ಟರು, ಅವನ ಹೆಂಡತಿ, ಅವನು, ಮಾವ ಎಲ್ಲರೂ ಸ್ವಲ್ಪ ಹೊತ್ತು ಆ ಗುಳಿಯನ್ನೇ ನೋಡಿದರು. “ಇಂಜೆಕ್ಷನ್ ಕೆಲಸ ಮಾಡ್ತಿದೆ. ಮೂತ್ರ ಸರಿಯಾಗಿ ಹೋಗ್ತಿದೆ. ಆದ್ರೂ ತೂಕ ಏರ್ತಿದೆ. ಉಪ್ಪು ಎಲ್ಲಿಂದ ಬರ್ತಿದೆ?” ರೋಗಿಯನ್ನು ಕೇಳಬೇಕಾದ ಪ್ರಶ್ನೆಯನ್ನು ಡಾಕ್ಟರು ಅವನ ಮುಖ ನೋಡಿ ಕೇಳಿದರು. “ಮನೆ ಊಟಕ್ಕೆ ಸಹಿ ಹಾಕಿರೋದು ನೀವೇ ಅಲ್ವಾ? ಇನ್ನೆರಡು ದಿನ ಹೀಗೇ ಆದ್ರೆ ಶ್ವಾಸಕೋಶಕ್ಕೆ ನೀರು ಹೋಗುತ್ತೆ. ಆಮೇಲೆ ನನ್ ಕೈಲಿರಲ್ಲ.” ಎಂದು ಪಕ್ಕದ ಹಾಸಿಗೆಗೆ ಹೋದರು.

ಸಹಿ ಹಾಕಿದ್ದು ಅವನೇ. ಸಹಿಯ ಕೆಳಗೆ ದಿನಾಂಕ ಹಾಕಿ, ದಿನಾಂಕದ ಕೆಳಗೆ ಒಂದು ಗೆರೆಯನ್ನೂ ಎಳೆದಿದ್ದ, ಅಷ್ಟು ಹೆಮ್ಮೆ. ತಿಂಗಳ ಹಿಂದೆ ಮೊದಲ ಸಲ ಸೇರಿಸಿದಾಗ ಮಾವ ಆಸ್ಪತ್ರೆಯ ಉಪ್ಪಿಲ್ಲದ ಗಂಜಿಯನ್ನು ಮುಟ್ಟಿರಲಿಲ್ಲ. “ಇದನ್ನ ಗೋಡೆಗೆ ಕಾಗದ ಅಂಟಿಸೋಕೆ ಇಟ್ಕೊಳ್ಳಿ” ಎಂದಿದ್ದರು. ದಿನದಿಂದ ದಿನಕ್ಕೆ ತೋಳು ಇಳಿಯಿತು, ರಕ್ತದಲ್ಲಿ ಪ್ರೋಟೀನು ಇಳಿಯಿತು. ಜೀವಮಾನವೆಲ್ಲ ತಾವೇ ಹೊಡೆದು ತಾವೇ ಹದ ಮಾಡಿದ ಬೇಟೆಯ ಮಾಂಸ ತಿಂದ ಮನುಷ್ಯ. ಚಳಿಗಾಲಕ್ಕೆ ಒಂದು ಕಾಡುಹಂದಿಗೆ ಪರವಾನಗಿ. ಆ ಒಂದರ ತೊಡೆ, ಬೆನ್ನು, ಭುಜ ಎಲ್ಲ ಮರದ ತೊಟ್ಟಿಯಲ್ಲಿ ಕಲ್ಲುಪ್ಪಿನ ನಡುವೆ ಮೂರು ವಾರ ಮಲಗಿ, ಆಮೇಲೆ ಹಿತ್ತಲಿನ ಗೂಡಿನಲ್ಲಿ ಎರಡು ವಾರ ಹೊಗೆ ಕುಡಿದು, ಹಳೆಯ ಬಾಗಿಲಿನ ಬಣ್ಣಕ್ಕೆ ತಿರುಗಿ, ವರ್ಷವಿಡೀ ಅಡುಗೆಮನೆಯ ಕೊಕ್ಕೆಗಳಲ್ಲಿ ತೂಗುತ್ತಿತ್ತು. ಹೃದಯದವರಿಗೆ ಅದು ವಿಷ ಎಂದು ಯಾರಾದರೂ ಹೇಳುತ್ತಾರೆ. ಅವನಿಗೆ ಹೊಳೆದದ್ದು ಬೇರೆ. ಕಾಡುಹಂದಿ ಓಡಾಡಿಕೊಂಡಿರುವ ಪ್ರಾಣಿ, ಸಾಕಿದ ಹಂದಿಯಷ್ಟು ಕೊಬ್ಬಿಲ್ಲ, ಕಬ್ಬಿಣದ ಅಂಶ ಬೇಕಾದಷ್ಟಿದೆ, ಒಣಗಿದ್ದರಿಂದ ನೂರು ಗ್ರಾಮಿನಲ್ಲಿ ಮೂವತ್ತೆಂಟು ಗ್ರಾಂ ಪ್ರೋಟೀನು. ತಕರಾರಿರುವುದು ಉಪ್ಪಿನದೊಂದೇ, ಉಪ್ಪು ನೀರಿಗೆ ಬಿಡುತ್ತದೆ. ಒಂದು ತುಂಡನ್ನು ಪ್ರಯೋಗಾಲಯಕ್ಕೆ ಒಯ್ದು ತಾನೇ ನೆನೆಸಿ, ಮೂರು ಸಲ ನೀರು ಬದಲಾಯಿಸಿ ಅಳೆದ. ನೂರು ಗ್ರಾಮಿಗೆ ಏಳೂವರೆ ಗ್ರಾಂ ಇದ್ದ ಉಪ್ಪು ಒಂದು ಗ್ರಾಮಿಗಿಂತ ಕೆಳಕ್ಕೆ ಬಂತು. ಅವತ್ತು ಪ್ರಯೋಗಾಲಯದಿಂದ ಹೊರಬರುವಾಗ ಶಿಳ್ಳೆ ಹಾಕಿದ್ದ, ಶಿಳ್ಳೆ ಹಾಕುವ ಅಭ್ಯಾಸ ಅವನಿಗಿರಲಿಲ್ಲ.

ಅತ್ತೆಗೆ ಹದಿನಾಲ್ಕು ಅಂಶಗಳ ಒಂದು ಸೂಚನಾಪತ್ರ ಬರೆದುಕೊಟ್ಟ. ದಿನಕ್ಕೆ ತೊಂಬತ್ತು ಗ್ರಾಂ, ನಾರಿಗೆ ಅಡ್ಡವಾಗಿ ತೆಳ್ಳಗೆ ಕೊಯ್ಯಬೇಕು, ಎಂಟು ಗಂಟೆ ನೆನೆಸಬೇಕು, ಮೂರು ಸಲ ನೀರು ಬದಲಿಸಬೇಕು, ಉಪ್ಪು ಒಂದು ಹರಳೂ ಹಾಕಬಾರದು. ಕಾಡುಹಂದಿಯ ಮಾಂಸದೊಳಗೆ ಕಣ್ಣಿಗೆ ಕಾಣದ ಹುಳು ಇರಬಹುದು, ಉಪ್ಪು ಹೊಗೆ ಎರಡಕ್ಕೂ ಅದು ಜಗ್ಗುವುದಿಲ್ಲ, ಆದ್ದರಿಂದ ಒಳಗಿನ ಶಾಖ ಎಪ್ಪತ್ತೈದು ಡಿಗ್ರಿ ಮುಟ್ಟಲೇಬೇಕು. ಅದಕ್ಕೊಂದು ಥರ್ಮಾಮೀಟರನ್ನೂ ತಂದುಕೊಟ್ಟ. ತಿಂಗಳ ಸಭೆಯಲ್ಲಿ ಪರದೆಯ ಮೇಲೆ ಚಿತ್ರ ತೋರಿಸಿ ‘ರೋಗಿಯ ರುಚಿಗೆ ಗೌರವ’ ಎಂಬ ಭಾಷಣ ಮಾಡಿದ. ಚಪ್ಪಾಳೆ ಬಿತ್ತು. ಅಡುಗೆ ವಿಭಾಗದ ಮೇಲ್ವಿಚಾರಕ ಕೊನೆಯಲ್ಲಿ ಕೈಯೆತ್ತಿ, “ಸ್ಯಾಂಪಲ್ ಏನಾದ್ರೂ ತಂದಿದೀರಾ ಸಾರ್?” ಎಂದು ಕೇಳಿದ, ಎಲ್ಲರೂ ನಕ್ಕರು, ಅವನೂ ನಕ್ಕ. ವಾರ್ಡುಗಳಲ್ಲಿ ಅವನಿಗೆ ‘ಚಿಟಿಕೆ ಸಾರ್’ ಎಂಬ ಹೆಸರಿತ್ತು, ಯಾರು ಏನು ಕೇಳಿದರೂ “ಒಂದು ಚಿಟಿಕೆ ಮಾತ್ರ” ಎನ್ನುತ್ತಿದ್ದನೆಂದು. ಆ ಸಂಜೆ ಆ ಹೆಸರು ಕೂಡ ಅವನಿಗೆ ಬಿರುದಿನ ಹಾಗೆ ಕೇಳಿಸಿತ್ತು.

ಲೆಕ್ಕ ಸರಿಯಿದೆ. ಹಾಗಾದರೆ ಮಾವ ಕದ್ದು ತಿನ್ನುತ್ತಿದ್ದಾರೆ. ಇದರಲ್ಲಿ ಯೋಚಿಸುವುದೇನಿದೆ ಎಂದು ಡಾಕ್ಟರ ಬೆನ್ನು ನೋಡುತ್ತ ಅವನಿಗನ್ನಿಸಿತು. ಹಿಂದಿನ ಸಲ ಸೇರಿದ್ದಾಗ ಕನ್ನಡಕದ ಡಬ್ಬಿಯಲ್ಲಿ ಉಪ್ಪು ಹಾಕಿ ಹುರಿದ ಕಡಲೆಕಾಯಿ ಬೀಜ ಸಿಕ್ಕಿತ್ತು. ಕನ್ನಡಕ ಎಲ್ಲಿ ಎಂದರೆ ಮಾವ ಮೂಗು ತೋರಿಸಿದ್ದರು. “ಮಾವ, ಏನ್ ತಿಂದ್ರಿ?” ಎಂದ. “ನಿಮ್ಮತ್ತೆ ಕಳ್ಸಿದ್ದು.” “ಅದಲ್ಲದೆ?” “ಅದಲ್ಲದೆ ನಿಮ್ಮ ಮಾತ್ರೆ.” ಎದುರಿನ ಹಾಸಿಗೆಯಲ್ಲಿ ಯಾರೋ ಕಿಸಕ್ಕೆಂದರು. ಆ ಕಿಸಕ್ಕೇ ಅವನನ್ನು ಹಾಳುಮಾಡಿತು. ಇಲ್ಲದಿದ್ದರೆ ಅವನು ದನಿ ಏರಿಸುವವನಲ್ಲ. ಹಾಸಿಗೆಯ ಕಾಲ ಹತ್ತಿರ ನಿಂತು, ಎಂಟು ಹಾಸಿಗೆಗೂ ಕೇಳುವ ಹಾಗೆ, ನಿಮ್ಮಂಥವರಿಗೆ ಔಷಧಿ ಕೊಡುವುದು ದಂಡ ಎಂದ. ಈ ವಯಸ್ಸಿನಲ್ಲಿ ಚಿಕ್ಕ ಮಕ್ಕಳ ಹಾಗೆ ಕದ್ದು ತಿನ್ನಲು ನಾಚಿಕೆಯಾಗಬೇಕು ಎಂದ. ನಿಮ್ಮ ನಾಲಿಗೆಗೋಸ್ಕರ ಮನೆಮಂದಿಯೆಲ್ಲ ಊಟ ನಿದ್ದೆ ಬಿಟ್ಟಿದ್ದೇವೆ ಎಂದ. ಮಾತಾಡುತ್ತಿರುವಾಗ ಒಂದು ಕಡೆಯಿಂದ ತುಂಬ ಹಾಯೆನಿಸಿತು, ಇದನ್ನು ಆಮೇಲೆ ನೆನೆಸಿಕೊಂಡು ಅವನು ತುಂಬ ನಾಚಿದ. “ನಾನು ತಿಂದಿಲ್ಲ” ಎಂದರು ಮಾವ. ಹೆಂಡತಿ ಮುಂದೆ ಬಂದು, “ಅಪ್ಪ, ಸುಳ್ಳು ಹೇಳ್ಬೇಡ, ಕೈ ಮುಗೀತೀನಿ” ಎಂದಳು. “ನಾನು ತಿಂದಿಲ್ಲ ಅಂದೆ” ಎಂದು ಮಾವ ಇನ್ನೂ ಜೋರಾಗಿ ಹೇಳಿದರು. ಸಿಸ್ಟರು ದಿಂಬಿನ ಚೀಲ ಬಿಚ್ಚಿ ಕೊಡವಿದರು, ಹಾಸಿಗೆಯ ಅಂಚು ಎತ್ತಿ ನೋಡಿದರು. ಏನೂ ಸಿಗಲಿಲ್ಲ, ಸಿಗದಿದ್ದದ್ದು ಮಾವನ ಜಾಣತನಕ್ಕೆ ಸಾಕ್ಷಿಯಾಯಿತು.

ಮದುವೆಯಾದ ಮೊದಲ ಚಳಿಗಾಲದಲ್ಲಿ ಮಾವ ಅವನನ್ನು ಬೇಟೆಗೆ ಕರೆದುಕೊಂಡು ಹೋಗಿದ್ದರು. ಹಂದಿಯ ಹಿಂಗಾಲು ಹಿಡಿದುಕೊಳ್ಳಿ ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದಿದ್ದರು. ಚಾಕು ಹೊಟ್ಟೆಯ ಉದ್ದಕ್ಕೂ ಇಳಿದು ಒಳಗಿನ ಬಿಸಿ ಮುಖಕ್ಕೆ ಬಡಿದದ್ದೇ ತಡ, ಅವನು ಕಾಲು ಬಿಡದೆ ಪಕ್ಕಕ್ಕೆ ತಿರುಗಿ ತನ್ನ ಹೊಸ ಬೂಟಿನ ಮೇಲೆ ವಾಂತಿ ಮಾಡಿಕೊಂಡಿದ್ದ. ಮಾವನ ಗೆಳೆಯರು ನಾಲ್ಕು ಜನ ಸುತ್ತ ನಿಂತಿದ್ದರು. “ಅಳಿಯಂದ್ರಿಗೆ ಪುಸ್ತಕದಲ್ಲಿ ಬರೋ ಹಂದಿ ಮಾತ್ರ ಅಭ್ಯಾಸ” ಎಂದರು ಮಾವ, ಕೈ ನಿಲ್ಲಿಸದೆ. ಕಾಲು ಮಾತ್ರ ಕೊನೆಯವರೆಗೂ ಬಿಟ್ಟಿರಲಿಲ್ಲವಲ್ಲ ಎಂದು ಯಾರೂ ಹೇಳಲಿಲ್ಲ. ಯಾರಾದರೂ ಹೇಳಬಹುದಿತ್ತು ಎಂದು ಹತ್ತೊಂಬತ್ತು ವರ್ಷದ ಮೇಲೆ ಸಿಟಿ ಬಸ್ಸಿನ ಕಿಟಕಿ ಪಕ್ಕ ಕೂತು ಅವನು ಯೋಚಿಸಿದ. ಮಾವನ ಮನೆಯಲ್ಲೆಲ್ಲ ಹುಡುಕಾಡಿ ನೋಡಲು ಹೊರಟಿದ್ದ. ಆಸ್ಪತ್ರೆಗೆ ಹೊರಗಿನ ಊಟ ಬರುವ ದಾರಿ ಅದೊಂದೇ. ಕ್ಯಾರಿಯರ್ ತರುವವಳು ಅವನ ಹೆಂಡತಿ, ಕಟ್ಟಿಕೊಡುವವರು ಅತ್ತೆ. ಕ್ಯಾರಿಯರಿನ ಜೊತೆ ಇನ್ನೇನೋ ಬರುತ್ತಿರಬೇಕು. ಹೆಂಡತಿಗೆ ಗೊತ್ತಿಲ್ಲದ ಹಾಗೆ, ಅತ್ತೆಗೆ ಗೊತ್ತಿರುವ ಹಾಗೆ. ಪೊಲೀಸಿನವನಾಗಿದ್ದರೆ ತಾನು ಎಲ್ಲಿಗೋ ಹೋಗಿರುತ್ತಿದ್ದೆ ಎಂದುಕೊಂಡ.

ಅತ್ತೆ ಬಾಗಿಲು ತೆಗೆದವರು ಅವನ ಮುಖ ನೋಡಲಿಲ್ಲ. ಮಗಳು ಫೋನು ಮಾಡಿ ಎಲ್ಲ ಹೇಳಿದ್ದಳು. “ಅವರು ಕದ್ದು ತಿಂತಾರೆ ಅಂದ್ರಂತೆ. ನನ್ ಕೈಯೂಟ ಇಟ್ಕೊಂಡು ಬೇರೆ ಕಡೆ ಯಾಕೆ ತಿಂತಾರೆ? ನೋಡ್ಕೊಳ್ಳಿ, ಎಲ್ಲಿ ಬೇಕಾದ್ರೂ ನೋಡ್ಕೊಳ್ಳಿ” ಎಂದು ಒಂದೊಂದೇ ಕಪಾಟಿನ ಬಾಗಿಲನ್ನು ತಾವೇ ತೆರೆಯುತ್ತ ಹೋದರು. ಅಷ್ಟಾದ ಮೇಲೆ ನೋಡದೆ ಇರುವುದೂ ಕಷ್ಟ, ನೋಡುವುದೂ ಕಷ್ಟ. ಅವನು ನೋಡಿದ. ಡಬ್ಬಿಗಳ ಮುಚ್ಚಳ ತೆಗೆದು ಮೂಸಿದ. ಮಾವನ ಕೋಟಿನ ಜೇಬಿಗೆ ಕೈ ಹಾಕಿದ, ಒಂದು ಸ್ಕ್ರೂ, ಹಳೆಯ ಬಸ್ ಟಿಕೆಟ್ಟು ಸಿಕ್ಕಿತು. ಮಂಚದ ಕೆಳಗೆ ಬಗ್ಗಿದಾಗ ಬೆನ್ನು ಹಿಡಿದುಕೊಂಡು, ಏಳಲು ಅತ್ತೆಯೇ ಕೈ ಕೊಡಬೇಕಾಯಿತು. ಅಡುಗೆಮನೆಯ ಗೋಡೆಗೆ ಅವನ ಹದಿನಾಲ್ಕು ಅಂಶಗಳ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮೊಳೆ ಹೊಡೆದಿದ್ದರು. ಪಕ್ಕದಲ್ಲಿ ಥರ್ಮಾಮೀಟರು, ತೊಳೆದು ಒರೆಸಿ ನೇತುಹಾಕಿದ್ದು. ಅತ್ತೆ ಹಾಳೆಯ ಮೇಲೆ ಬೆರಳಿಟ್ಟು, “ಒಂದೂ ತಪ್ಪಿಸಿಲ್ಲ. ದಿನಾ ಓದ್ಕೊಂಡು ಮಾಡ್ತೀನಿ, ಪರೀಕ್ಷೆಗೆ ಓದ್ದಂಗೆ” ಎಂದರು. ಆಮೇಲೆ, ಬೈಗುಳವನ್ನು ಊಟದ ಹೊತ್ತಿಗೆ ಬೆರೆಸುವುದು ಅವರ ಸ್ವಭಾವದಲ್ಲಿಲ್ಲದ ಕಾರಣ, “ಕೂತ್ಕೊಳ್ಳಿ, ಊಟ ಮಾಡಿ. ಹೊಟ್ಟೆಗಿಲ್ದೆ ಬಂದಿದೀರ” ಎಂದರು.

ಮಾವನಿಗೆ ಕಟ್ಟುವ ಅಡುಗೆಯನ್ನೇ ಬಡಿಸಿದರು. ಅನ್ನ, ಆಲೂಗಡ್ಡೆ ಕ್ಯಾರೆಟ್ಟು ಬೇಯಿಸಿದ್ದು, ಒಂದು ಬಟ್ಟಲು ತೆಳ್ಳನೆಯ ಸೂಪು, ಬೆಂದು ಗುಲಾಬಿ ಕಂದಾದ ಮಾಂಸದ ಹೋಳುಗಳು. ಮಾಂಸ ಅಂದುಕೊಂಡಂತೆಯೇ ಇತ್ತು, ಹೊಗೆಯ ವಾಸನೆ ಮಾತ್ರ ಉಳಿದು ಉಪ್ಪು ಹೋಗಿ ಸ್ವಲ್ಪ ಪೆಚ್ಚು ಪೆಚ್ಚಾಗಿ. ತನ್ನ ಅಂಕಿಯನ್ನೇ ಅಗಿಯುತ್ತಿದ್ದೇನೆ ಎನಿಸಿ ಅವನಿಗೆ ಸಮಾಧಾನವಾಯಿತು. ಆಲೂಗಡ್ಡೆ ಮಾತ್ರ ಎಂಥ ರುಚಿ. ಕಳೆದ ಮೂರು ಭಾನುವಾರಗಳೂ ಇದೇ ಆಲೂಗಡ್ಡೆಯನ್ನು ಇಲ್ಲೇ ಕೂತು ತಿಂದು ಹೊಗಳಿದ್ದ. “ಅತ್ತೆ, ಉಪ್ಪಿಲ್ದೆ ಇಷ್ಟು ರುಚಿ ಹೇಗ್ ತರ್ತೀರಿ? ನಮ್ ಅಡುಗೆಯವರಿಗೂ ಸ್ವಲ್ಪ ಕಲಿಸಿ” ಎಂದು ಹೋದ ವಾರವೂ ಕೇಳಿದ್ದ, ಅತ್ತೆ ನಾಚಿ ಸೆರಗಿನಿಂದ ಬಾಯಿ ಒರೆಸಿಕೊಂಡಿದ್ದರು. ಇವತ್ತೂ ಎರಡನೆಯ ಸಲ ಹಾಕಿಸಿಕೊಂಡ. ನೀರು ಕುಡಿದ. ಸೂಪು ಮುಗಿಸಿ ಇನ್ನೊಂದು ಲೋಟ ಕುಡಿದ. ಕೈ ತೊಳೆದು ಬಂದು ಮೂರನೆಯ ಲೋಟ ಎತ್ತಿದಾಗ ಲೋಟ ತುಟಿಯ ಹತ್ತಿರ ನಿಂತುಹೋಯಿತು. ಸಾವಿರ ರೋಗಿಗಳಿಗೆ ಕೇಳಿದ್ದ: ಊಟವಾದ ಮೇಲೆ ಬಾಯಾರಿಕೆ ಆಗುತ್ತಾ? ಎಷ್ಟು ಲೋಟ ಕುಡೀತೀರಿ?

“ಅತ್ತೆ, ಆಲೂಗಡ್ಡೆ ಯಾವುದರಲ್ಲಿ ಬೇಯಿಸ್ತೀರಿ?”

“ನೀರಲ್ಲಿ” ಎಂದರು ಅತ್ತೆ, ಬೇರೆ ಯಾವುದರಲ್ಲಿ ಬೇಯಿಸುತ್ತಾರೆ ಎನ್ನುವ ಹಾಗೆ. ಆಮೇಲೆ ಕಟ್ಟೆಯ ಮೇಲೆ ತಟ್ಟೆ ಮುಚ್ಚಿಟ್ಟ ಮೂರು ಪಾತ್ರೆಗಳನ್ನು ತೋರಿಸಿದರು. ನಾಳೆಯ ಮಾಂಸ ಆಗಲೇ ನೆನೆದಿತ್ತು. “ನೀವು ಹೇಳ್ದಂಗೆ ಮೂರು ಸಲ ಬದಲಾಯಿಸಿದೀನಿ. ಮೊದಲ್ನೇ ನೀರು ತರಕಾರಿಗೆ, ಎರಡ್ನೇದು ಸೂಪಿಗೆ, ಮೂರ್ನೇದು ಅನ್ನಕ್ಕೆ. ಸಾರವೆಲ್ಲ ಅದ್ರಲ್ಲೇ ಅಲ್ವಾ ಇರೋದು? ಉಪ್ಪಂತೂ ಒಂದು ಹರಳೂ ಹಾಕಿಲ್ಲ, ದೇವರಾಣೆ.”

ಮೊದಲ ಪಾತ್ರೆಯ ನೀರು ತೆಳು ಚಹಾದ ಬಣ್ಣಕ್ಕಿತ್ತು. ಅವನು ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಳ್ಳಲಿಲ್ಲ, ಅದರ ಅಗತ್ಯವಿರಲಿಲ್ಲ. ತೊಂಬತ್ತು ಗ್ರಾಂ ಮಾಂಸ, ಅದರಿಂದ ಹೊರಬಿದ್ದ ಆರು ಗ್ರಾಂ ಉಪ್ಪು, ಆ ಆರೂ ಆಲೂಗಡ್ಡೆ, ಸೂಪು, ಅನ್ನದ ವೇಷ ಹಾಕಿಕೊಂಡು ದಿನವೂ ಮಾವನ ಹೊಟ್ಟೆಗೆ ಹೋಗಿದೆ, ಇಪ್ಪತ್ತೈದು ದಿನ, ಅವನ ಸಹಿಯ ಮೇಲೆ. ಹಾಳೆಯ ಹದಿನಾಲ್ಕು ಅಂಶಗಳನ್ನೂ ಮತ್ತೊಮ್ಮೆ ಓದಿದ. ಹುಳುವಿನ ಬಗ್ಗೆ ಮೂರು ಸಾಲಿತ್ತು. ನೀರಿಗೆ ಏನು ಗತಿ ಕಾಣಿಸಬೇಕು ಎಂದು ಎಲ್ಲೂ ಇರಲಿಲ್ಲ. ಪ್ರಯೋಗಾಲಯದಲ್ಲಿ ಅವನು ಅದನ್ನು ಸಿಂಕಿಗೆ ಚೆಲ್ಲಿದ್ದ, ಯೋಚಿಸದೆ, ಎಲ್ಲರೂ ಚೆಲ್ಲುವ ಹಾಗೆ. ಬೇರೆ ಯಾರಿಗೆ ಈ ಹಾಳೆ ಕೊಟ್ಟಿದ್ದರೂ ಅವರೂ ಚೆಲ್ಲುತ್ತಿದ್ದರು. ಈ ಮನೆಯಲ್ಲಿ ಚೆಲ್ಲುವುದಿಲ್ಲವೆಂದು ಅವನಿಗೆ ಗೊತ್ತಿರಲಿಲ್ಲವೇ? ಬೇಟೆಯ ಆ ವಾರವೇ ಇದೇ ಅಡುಗೆಮನೆಯ ಸಿಂಕಿನ ಮುಂದೆ, ಆರಿದ ಸೂಪನ್ನು ಅವನು ಸುರಿಯಹೋದಾಗ ಮಾವ ಬಂದು ಮಣಿಕಟ್ಟು ಹಿಡಿದಿದ್ದರು. ಈ ಮನೆಯಲ್ಲಿ ಕೊಂದದ್ದರ ಯಾವುದನ್ನೂ ಮೋರಿಗೆ ಬಿಡುವುದಿಲ್ಲ ಅಳಿಯಂದ್ರೇ, ಮೂಳೆ ಬೇಯಿಸಿದ ನೀರನ್ನೂ ಬಿಡುವುದಿಲ್ಲ, ವರ್ಷಕ್ಕೆ ಒಂದೇ ಪ್ರಾಣಿ ತಾನೇ ನಮಗೆ ಲೆಕ್ಕ, ಎಂದಿದ್ದರು. ಆಗ ಮಾವ ಹಾಸ್ಯ ಮಾಡಿರಲಿಲ್ಲ. ಸೂಪನ್ನು ಅವನ ಕೈಯಿಂದ ತೆಗೆದುಕೊಂಡು ನಿಂತಲ್ಲೇ ತಣ್ಣಗೆ ಕುಡಿದುಬಿಟ್ಟಿದ್ದರು. ಮನೆ ಹೊಕ್ಕ ಹೊಸದರಲ್ಲಿ ಕಲಿಸಿದ್ದು, ನೆನಪಿತ್ತು, ಇಷ್ಟು ದಿನ ಕೋಪದ ಖಾತೆಯಲ್ಲಿ ನೆನಪಿತ್ತು.

“ಯಾಕೆ ಸುಮ್ಮನಾದ್ರಿ? ಏನಾದ್ರೂ ತಪ್ಪಾಯ್ತಾ?” ಎಂದರು ಅತ್ತೆ. ಕ್ಯಾರಿಯರಿನ ಡಬ್ಬಿಗಳನ್ನು ಒಂದರ ಮೇಲೊಂದು ಕೂರಿಸುತ್ತಿದ್ದರು. ಆ ಬೆರಳುಗಳು ಗಂಟು ಕಟ್ಟಿದ್ದವು, ಕೊಕ್ಕೆ ಹಾಕಲು ಎರಡು ಸಲ ಪ್ರಯತ್ನಿಸಬೇಕಾಯಿತು. ಹೇಳಬೇಕು ಎಂದುಕೊಂಡು ಬಾಯಿ ತೆರೆದ. “ಇಲ್ಲ. ಕೊಡಿ, ಇವತ್ತು ನಾನೇ ತಗೊಂಡ್ ಹೋಗ್ತೀನಿ. ನಾಳೇದು ಏನೂ ಬೇಯಿಸ್ಬೇಡಿ, ಹೇಳಿ ಕಳಿಸ್ತೀನಿ” ಎಂದ. ಬಾಗಿಲು ದಾಟುವಾಗ ಅತ್ತೆ, “ಬಿಸಿಯಿದ್ದಾಗ್ಲೇ ಕೊಡಿ ಆಯ್ತಾ?” ಎಂದರು.

ಬಸ್ಸಿನಲ್ಲಿ ಕ್ಯಾರಿಯರ್ ತೊಡೆಯ ಮೇಲಿತ್ತು, ಬಿಸಿ ಪ್ಯಾಂಟಿನೊಳಕ್ಕೆ ಇಳಿಯುತ್ತಿತ್ತು. ಮೂರನೆಯ ನಿಲ್ದಾಣದ ಹೊತ್ತಿಗೆ ಅವನಿಗೆ ಒಂದು ಉಪಾಯ ಹೊಳೆದಿತ್ತು, ಐದನೆಯದರ ಹೊತ್ತಿಗೆ ಅದು ಪೂರ್ತಿ ಸಿದ್ಧವಾಗಿತ್ತು. ಮನೆ ಊಟ ನಿಲ್ಲಿಸಿದರಾಯಿತು. ಕಾರಣ ಕೇಳಿದರೆ ಮುನ್ನೆಚ್ಚರಿಕೆ ಎಂದರಾಯಿತು. ತೂಕ ತಾನಾಗಿ ಇಳಿಯುತ್ತದೆ. ಅತ್ತೆಗೆ ನೋವಿಲ್ಲ, ಡಾಕ್ಟರಿಗೆ ತೃಪ್ತಿ, ಭಾಷಣದ ಚಪ್ಪಾಳೆ ಹಾಗೇ ಉಳಿಯುತ್ತದೆ. ಮಾವ ಕದ್ದು ತಿನ್ನುತ್ತಿದ್ದರು, ಹಿಡಿದು ಬೈದ ಮೇಲೆ ನಿಲ್ಲಿಸಿದರು ಎಂದಾಗುತ್ತದೆ, ಅಷ್ಟೇ. ಅವರಿಗೇನು, ಮೊದಲೇ ಕಡಲೆಕಾಯಿ ಬೀಜದ ಹೆಸರಿದೆ. ಉಪಾಯ ಎಷ್ಟು ನುಣುಪಾಗಿತ್ತೆಂದರೆ ಅವನಿಗೆ ಅದನ್ನು ಮುಟ್ಟಲು ಹೇಸಿಗೆಯಾಯಿತು. ಆದರೂ ಕೈ ಬಿಡಲಿಲ್ಲ. ಪಕ್ಕದ ಸೀಟಿನ ಹೆಂಗಸು, “ಏನ್ ಅಡುಗೆ? ಘಮ ಘಮ ಅಂತಿದೆ” ಎಂದಳು. “ರೋಗಿಗೆ” ಎಂದ. ಆಸ್ಪತ್ರೆಯ ನಿಲ್ದಾಣದಲ್ಲಿ ಇಳಿದು ಸಿಸ್ಟರ ಮೇಜಿನ ಮುಂದೆ ಕೂತು ರೋಗಿಯ ಹಾಳೆಯಲ್ಲಿ ‘ಮನೆ ಊಟ ಇಂದಿನಿಂದ ನಿಲ್ಲಿಸಿದೆ. ಕಾರಣ’ ಎಂದು ಬರೆದ. ಕಾರಣದ ಮುಂದೆ ಪೆನ್ನು ಊರಿದ ಕಡೆ ಒಂದು ಚುಕ್ಕೆ ದೊಡ್ಡದಾಗುತ್ತ ಹೋಯಿತು.

ಅಷ್ಟರಲ್ಲಿ ಹೆಂಡತಿ ಬಂದಳು. ಅತ್ತು ಕಣ್ಣು ಕೆಂಪಾಗಿತ್ತು, ಮುಖದಲ್ಲಿ ಮಾತ್ರ ಬೆಳಗ್ಗೆ ಇಲ್ಲದ ಕಳೆ. “ರೀ, ಅಪ್ಪ ಒಪ್ಕೊಂಡ್ರು” ಎಂದಳು.

“ಏನನ್ನ?”

“ತಿಂದಿದ್ನ. ಕಡಲೆಕಾಯಿ ಬೀಜ ಅಂತೆ. ದಿನಾ ತರಿಸ್ಕೋತಿದ್ರಂತೆ. ಯಾರ್ ತಂದ್ಕೊಡ್ತಿದ್ರು ಅಂದ್ರೆ ಹೇಳಲ್ಲ, ಸತ್ರೂ ಹೆಸರು ಹೇಳಲ್ಲ ಅಂತಾರೆ. ಹೋಗ್ಲಿ ಬಿಡಿ, ಒಪ್ಕೊಂಡ್ರಲ್ಲ. ಇನ್ನು ಬೈಬೇಡಿ ಆಯ್ತಾ? ನಂದೂ ತಪ್ಪೇ, ಊಟ ಬಿಟ್ಟು ಕೂತ್ಬಿಟ್ಟಿದ್ದೆ, ನೀನು ನಿಜ ಹೇಳೋವರ್ಗೂ ತಿನ್ನಲ್ಲ ಅಂತ.”

ತಾನು ಹೊತ್ತು ತಂದ ಉಪಾಯವನ್ನು ಮಾವ ತನಗಿಂತ ಮೊದಲೇ ನಡೆಸಿಕೊಟ್ಟಿದ್ದಾರೆ. ಇನ್ನು ಮಾಡಬೇಕಾದ್ದೇನೂ ಇಲ್ಲ. ಒಂದು ಕ್ಷಣ, ಒಂದೇ ಒಂದು ಕ್ಷಣ, ಮೈಯೆಲ್ಲ ಹಗುರಾಯಿತು. ಆಮೇಲೆ ಕಾರಣದ ಮುಂದಿನ ಚುಕ್ಕೆ ಕಣ್ಣಿಗೆ ಬಿತ್ತು. ಪೆನ್ನು ಮುಚ್ಚಿ ವಾರ್ಡಿಗೆ ನಡೆದ.

ಮಾವ ಗೋಡೆಯ ಕಡೆ ಮುಖ ಮಾಡಿ ಒರಗಿದ್ದರು. ಅವನು ಸ್ಟೂಲು ಎಳೆದುಕೊಂಡು ಕೂತು ಕ್ಯಾರಿಯರನ್ನು ನೆಲದ ಮೇಲಿಟ್ಟ. “ಬಂದ್ರಾ? ಒಪ್ಕೊಂಡಿದೀನಿ” ಎಂದರು ಮಾವ ಗೋಡೆಗೇ. “ಎಷ್ಟು ಚೆನ್ನಾಗಿ ನೋಡ್ಕೋತಾರೆ ಗೊತ್ತಾ ಒಪ್ಕೊಂಡ ಮೇಲೆ. ಸಿಸ್ಟರು ಬಂದು ಹೊದಿಕೆ ಸರಿ ಮಾಡಿದ್ರು. ಮಗಳು ಕಾಲು ಒತ್ತಿದ್ಳು. ಮೊದ್ಲೇ ಗೊತ್ತಿದ್ರೆ ಬೆಳಿಗ್ಗೇನೇ ಒಪ್ಕೋತಿದ್ದೆ.”

“ನೀವು ತಿಂದಿಲ್ಲ ಮಾವ” ಎಂದ.

ಮಾವ ತಿರುಗಿದರು. ತಿರುಗಲು ಹೊತ್ತು ಹಿಡಿಯಿತು, ನಡುವೆ ಉಸಿರಿಗಾಗಿ ಒಮ್ಮೆ ನಿಂತರು. ಅವನು ಹೇಳಿದ: ಆಲೂಗಡ್ಡೆ, ಸೂಪು, ಅನ್ನ, ಮೂರು ಪಾತ್ರೆ, ಹಾಳೆಯಲ್ಲಿ ಬರೆಯದೆ ಬಿಟ್ಟ ಮಾತು. ಗ್ರಾಂಗಳ ಸಮೇತ ಹೇಳಿದ, ಗ್ರಾಂ ಬಿಟ್ಟು ಹೇಳಲು ಅವನಿಗೆ ಬರುತ್ತಿರಲಿಲ್ಲ. ಮಾವ ಪೂರ್ತಿ ಕೇಳಿದರು. ವರ್ಕ್‌ಶಾಪಿನಲ್ಲಿ ಕೆಟ್ಟ ಇಂಜಿನಿನ ಸದ್ದನ್ನೂ ಹೀಗೇ ಕೇಳುತ್ತಿದ್ದಿರಬೇಕು.

“ಉಪ್ಪು ನಿಮಗೆ ಗೊತ್ತಾಗ್ಲಿಲ್ವಾ?” ಎಂದು ಕೊನೆಗೆ ಅವನೇ ಕೇಳಿದ. ಕೇಳಬಾರದಿತ್ತು.

“ಗೊತ್ತಾಯ್ತು. ಮೊದಲ್ನೇ ದಿನಾನೇ ಗೊತ್ತಾಯ್ತು. ಉಪ್ಪು ಗೊತ್ತಾಗ್ದೆ ಇರೋಕೆ ನಾನೇನು ಸತ್ತಿದೀನಾ? ಅಳಿಯ ಲೆಕ್ಕ ಹಾಕಿದಾನೆ, ಇಷ್ಟು ಇರಬಹುದು ಅಂತ ಲೆಕ್ಕ ಬಂದಿರುತ್ತೆ ಅಂದ್ಕೊಂಡೆ.” ಮಾವ ಸ್ವಲ್ಪ ಸುಧಾರಿಸಿಕೊಂಡರು. “ಹತ್ತೊಂಬತ್ತು ವರ್ಷ ಆಡ್ಕೊಂಡೆ ನಿಮ್ಮನ್ನ. ಒಂದ್ ಸಲ ನಂಬಿದೆ.”

ಅವನಿಗೆ ಅಳು ಬಂತು. ಅಳುವುದು ಆ ಕ್ಷಣಕ್ಕೆ ಸುಲಭದ ದಾರಿಯೆಂದು ತಿಳಿದೇ ತಡೆದುಕೊಂಡ. “ಅತ್ತೆಗೆ ಇನ್ನೂ ಹೇಳಿಲ್ಲ” ಎಂದ.

“ಅವಳಿಗೆ ನಾನು ಹೇಳ್ತೀನಿ. ಚೆಲ್ಲಬಾರದು ಅನ್ನೋ ಕಾನೂನು ಮಾಡಿದ್ದು ನಾನು. ಚೆಲ್ಲಿ ಅಂತ ಬರೀಬೇಕಾಗಿದ್ದು ನೀವು. ಅವಳದೇನಿದೆ ಮಧ್ಯೆ?” ಮಾವ ಕೈಯೂರಿ ಎದ್ದು ಕೂತರು. “ಹಾಗಾದ್ರೆ ನಾನು ಕಳ್ಳ ಅಲ್ಲ.”

“ಅಲ್ಲ ಮಾವ.”

“ಬೆಳಿಗ್ಗೆ ಎಲ್ಲಿ ನಿಂತ್ಕೊಂಡು ಬೈದ್ರಿ?”

“ಇಲ್ಲೇ. ಕಾಲ ಹತ್ರ.”

“ಅಲ್ಲೇ ನಿಂತ್ಕೊಳ್ಳಿ.”

ಮಾವ ತಮಾಷೆ ಮಾಡುತ್ತಿಲ್ಲವೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತಾಯಿತು. ಭೇಟಿಯ ಸಮಯ, ಪ್ರತಿ ಹಾಸಿಗೆಯ ಪಕ್ಕದಲ್ಲೂ ಇಬ್ಬರು ಮೂವರು ಇದ್ದರು, ಯಾರೋ ಕಿತ್ತಳೆ ಬಿಡಿಸುತ್ತಿದ್ದರು. ಅವನು ಹೋಗಿ ಹಾಸಿಗೆಯ ಕಾಲ ಹತ್ತಿರ ನಿಂತ. ಹೆಂಡತಿ ಬಾಗಿಲಲ್ಲಿದ್ದಳು. “ಎಲ್ಲರೂ ಸ್ವಲ್ಪ ಕೇಳಿ” ಎಂದ, ದನಿ ಸಭೆಯ ದನಿಯಾಗಿ ಹೊರಟಿತು. “ಈ ರೋಗಿಯ ಆಹಾರದ ಸೂಚನಾಪತ್ರದಲ್ಲಿ ಒಂದು ಲೋಪ ಉಳಿದುಬಿಟ್ಟಿತ್ತು. ಅದರಿಂದಾಗಿ ಉಪ್ಪಿನ ಪ್ರಮಾಣ ಹೆಚ್ಚಾಗಿದೆ. ಆದ್ದರಿಂದ ಬೆಳಗಿನ...”

“ಬೆಳಿಗ್ಗೆ ಇಷ್ಟು ಮೆತ್ತಗಿರ್ಲಿಲ್ಲ” ಎಂದರು ಮಾವ.

ಅವನು ಮತ್ತೆ ಮೊದಲಿನಿಂದ ಶುರುಮಾಡಿದ. “ಇವರು ಏನೂ ಕದ್ದು ತಿಂದಿಲ್ಲ. ಅವರ ಊಟದಲ್ಲೇ ಉಪ್ಪಿತ್ತು. ತಪ್ಪು ಆಗಿದ್ದು... ತಪ್ಪು ಮಾಡಿದ್ದು ನಾನು. ಮಾಡಿದ್ದು ನಾನು, ಬೈದಿದ್ದು ಇವರನ್ನ.” ಕಿತ್ತಳೆ ಬಿಡಿಸುವ ಕೈ ನಿಂತಿತು. ಬೆಳಿಗ್ಗೆ ಕಿಸಕ್ಕೆಂದಿದ್ದ ಎದುರಿನ ಹಾಸಿಗೆಯವನು, “ಯಾರ್ ಹೇಳ್ತಿರೋದು? ಚಿಟಿಕೆ ಸಾರಾ?” ಎಂದು ಪಕ್ಕದವಳನ್ನು ಕೇಳಿದ. ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಅಪ್ಪನನ್ನೇ ನೋಡುತ್ತಿದ್ದಳು, ಅಪ್ಪ ಅವಳನ್ನು ನೋಡಲಿಲ್ಲ. ಮುಗಿಯಿತೆಂದುಕೊಂಡು ಅವನು ಸ್ಟೂಲಿನ ಮೇಲೆ ಕೂರಲು ಹೊರಟ.

“ಆ ಕೊನೇ ಹಾಸಿಗೆಯವರಿಗೆ ಕಿವಿ ಮಂದ” ಎಂದರು ಮಾವ. “ಹತ್ರ ಹೋಗಿ ಹೇಳಿ.”

ವಾರ್ಡಿನ ಉದ್ದಕ್ಕೂ ನಡೆಯುವಾಗ ಬೂಟಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ಕಿಟಕಿಯ ಪಕ್ಕದ ಕೊನೆಯ ಹಾಸಿಗೆಯಲ್ಲಿ ಒಬ್ಬ ಮುದುಕ, ನೋಡಲು ಯಾರೂ ಬಂದಿರಲಿಲ್ಲ, ಬಿಳಿ ಗಡ್ಡ, ಕಣ್ಣು ಮುಚ್ಚಿದ್ದ. ಅವನು ಬಗ್ಗಿ ಬಾಯಿಯನ್ನು ಕಿವಿಯ ಹತ್ತಿರ ತಂದ. ಇಷ್ಟು ಹತ್ತಿರದಿಂದ ಹೇಳಬೇಕಾದಾಗ ಲೋಪ, ಪ್ರಮಾಣ, ಸೂಚನಾಪತ್ರ ಯಾವುದೂ ಬಾಯಿಗೆ ಬರಲಿಲ್ಲ. “ಅಜ್ಜ,” ಎಂದು ಕೂಗಿದ, “ಅಲ್ಲಿ ಮಲಗಿರೋರು ಏನೂ ಕದ್ದು ತಿಂದಿಲ್ಲ. ನಂದೇ ತಪ್ಪು.”

ಮುದುಕ ಕಣ್ಣು ಬಿಟ್ಟು ಅವನನ್ನು ಮೇಲಿಂದ ಕೆಳಗೆ ನೋಡಿದ.

“ಅವರು ಬೆಳಿಗ್ಗೇನೇ ಹೇಳಿದ್ರಲ್ಲಪ್ಪ,” ಎಂದ, “ತಿಂದಿಲ್ಲ ಅಂತ.”